ಗೋದುಬಾಯಿ ಹಲ್ಲಿನ ರೇಟು ಮಾತಾಡಿದ್ದು

ಪೂರ್ಣಿಮಾ ಮಗಳಿಗೆ ಮುತ್ತು ಕೊಡುವುದನ್ನೇ ಬಿಟ್ಟಿದ್ದಳು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿತ್ತು. ತಾಯಿಯ ಬಾಯಿಯ ಕ್ರಿಮಿ ಕೂಸಿನ ಹಲ್ಲಿಗೆ ದಾಟುತ್ತದೆ ಎಂದು ಮೊಬೈಲಿನಲ್ಲಿ ಎಲ್ಲೋ ಓದಿದ್ದಳು. ಓದಿದ್ದು ತಲೆಯಿಂದ ಇಳಿಯಲೇ ಒಲ್ಲದು. ಕೂಸು ತುಟಿ ಚಾಚಿಕೊಂಡು ಬಂದರೆ ಇವಳು ಹಣೆ ಒಡ್ಡುವಳು. ಅದನ್ನೂ ಒಂದು ಆಟವೆಂದು ತಿಳಿದ ಕೂಸು ಹಾಲಿನವನಿಗೂ ನೆರೆಮನೆಯವರಿಗೂ ಹಣೆಯಿಂದ ಡಿಕ್ಕಿ ಹೊಡೆಯುವುದನ್ನು ಕಲಿತಿತ್ತು.

ಹಲ್ಲು ಸ್ವಚ್ಛ ಮಾಡಿಸಿದರೆ ಸರಿಹೋದೀತು ಎಂದು ಅವಳಿಗೂ ಗೊತ್ತು. ಆದರೆ ದವಾಖಾನೆಗೆ ಫೋನ್ ಮಾಡಿ ಎಷ್ಟಾಗುತ್ತದೆ ಎಂದು ಕೇಳುವುದು ಹೇಗೆ? ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಡಾಕ್ಟರರಿಗೆ ದರ ಕೇಳುವುದೆಂದರೆ ಮದುವೆಯ ಪಂಕ್ತಿಯಲ್ಲಿ ಕೂತು ಹೋಳಿಗೆಯ ಬೆಲೆ ವಿಚಾರಿಸಿದಂತೆ ಎಂದು ಅವಳ ಎಣಿಕೆ. ಕೇಳದೆ ಹೋದರೆ ಬಿಲ್ಲು ಎಷ್ಟು ಬಂದೀತೋ ಎಂಬ ಹೆದರಿಕೆ ಬೇರೆ. ಹೀಗಾಗಿ ಉಪ್ಪುನೀರು ಮುಕ್ಕಳಿಸುವುದು, ಲವಂಗ ಅಗಿಯುವುದು, ನಂಬರು ಒತ್ತುವುದು, ರಿಂಗಾಗುವ ಮೊದಲೇ ಕಟ್ ಮಾಡುವುದು.

ಗುಟ್ಟು ಹೊರಬಿದ್ದದ್ದು ಪೇರಲ ಹಣ್ಣಿನಿಂದ. ಸೊಸೆ ಕಚ್ಚಿಟ್ಟ ಹಣ್ಣಿನ ಮೇಲೆ ಕೆಂಪು ಗೆರೆ ಕಂಡು ಅತ್ತೆ ಗೋದುಬಾಯಿ ಕೇಳಿದಳು, "ಇದೇನವಾ, ಹಣ್ಣಿಗೆ ಕುಂಕುಮ ಹಚ್ಚೀ?"

ಪೂರ್ಣಿಮಾ ಎಲ್ಲ ಹೇಳಿಬಿಟ್ಟಳು.

"ರೇಟು ಕೇಳಾಕ ನಾಚಿಕಿ ಬರ್ತೇತಿ? ಕೂಸಿನ್ನ ಬಾಜೂಮನಿ ನಿರ್ಮಲಾನ ಕಡೆ ಬಿಡು. ನಾ ಕೇಳ್ತೇನಿ, ನಡಿ."

ಗೋದುಬಾಯಿ ಬೈಲಹೊಂಗಲದ ಕಡೆಯವಳು. ಗಂಡನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ ದಾಂಡೇಲಿಗೆ ಬಂದವಳು, ಅಂದಿನಿಂದ ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ಕೊಂಡವಳಲ್ಲ. ಹಳಿಯಾಳದ ಸಂತೆಯಲ್ಲಿ ಮೆಣಸಿನಕಾಯಿಯವರು ಅವಳನ್ನು ದೂರದಿಂದ ಕಂಡರೆ ಸಾಕು, ಬೆಲೆ ಏರಿಸಿ ಕೂರುತ್ತಿದ್ದರು. ಇಳಿಸಲು ಜಾಗ ಬೇಕಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಸ್ವೆಟರ್ ಮಾರುವ ಮುದುಕಿಯೊಬ್ಬಳ ಜೊತೆ ಇವಳು ಕನ್ನಡದಲ್ಲಿ, ಆಕೆ ತನ್ನ ಭಾಷೆಯಲ್ಲಿ ಮಧ್ಯಾಹ್ನವಿಡೀ ಚೌಕಾಸಿ ನಡೆಸಿ, ಚಹಾ ಕುಡಿದು, ಕೈ ಕೈ ಹಿಡಿದು ನಕ್ಕು, ಸ್ವೆಟರನ್ನು ಅಲ್ಲೇ ಮರೆತು ಬಂದಿದ್ದಳು. ಅವಳ ದೊಡ್ಡ ಅಸ್ತ್ರವೆಂದರೆ ಎದ್ದು ಹೋಗುವುದು. "ನಡಿ, ಬ್ಯಾಡ" ಎಂದು ಬೆನ್ನು ತಿರುಗಿಸಬೇಕು. ನಿಧಾನ ನಡೆಯಬೇಕು. ತಿರುಗಿ ಮಾತ್ರ ನೋಡಬಾರದು. ಹಿಂದಿನಿಂದ "ಬರ್ರಿ ಬಾಯಾರ, ತಗೊಂಡ್ಹೋಗ್ರಿ" ಎಂಬ ಕೂಗು ಬಂದೇ ಬರುತ್ತದೆ.

ಹಲ್ಲಿನ ಡಾಕ್ಟರ್ ತನ್ವೀರ ಇನ್ನೂ ಹರೆಯದವನು. ಪೂರ್ಣಿಮಾಳನ್ನು ಕುರ್ಚಿಯಲ್ಲಿ ಒರಗಿಸಿ, ಬಾಯೊಳಗೆ ಸಣ್ಣ ಕನ್ನಡಿ ಇಟ್ಟು ನೋಡಿದ.

"ಹೆದರೂದೇನಿಲ್ಲ. ಹಲ್ಲಿನ ಬುಡಕ್ಕ ಕಿಟ್ಟ ಕಟ್ಟೇತಿ. ಅದನ್ನ ತಗದ್ರ ರಕ್ತ ನಿಲ್ತೇತಿ. ಸಾವಿರದ ಎರಡನೂರು ಆಗ್ತೇತ್ರಿ."

"ಒಂದು ಹಲ್ಲಿಗೆ ಎಷ್ಟು ಬಿತ್ತು?" ಗೋದುಬಾಯಿ ಸ್ಟೂಲನ್ನು ಮುಂದೆ ಎಳೆದುಕೊಂಡಳು.

"ಹಲ್ಲಿನ ಲೆಕ್ಕ ಇಲ್ರಿ. ಪೂರ್ತಿ ಬಾಯಿಗೆ."

"ನನ್ನ ಬಾಯಾಗ ಅರ್ಧ ಹಲ್ಲ ಇಲ್ಲ. ನನಗೂ ಅಷ್ಟನ?"

"ಅಷ್ಟರೀ."

"ಅರ್ಧ ಲೀಟರ್ ಹಾಲಿಗೆ ಪೂರ್ತಿ ಲೀಟರಿನ ರೊಕ್ಕ ತಗೊಂಡಂಗಾತು, ತಮ್ಮಾ. ಹೋಗ್ಲಿ, ಈಕಿದು ಮುಂದಿನ್ವು ಅಷ್ಟ ಮಾಡು. ಹಿಂದಿನ್ವು ಯಾರಿಗೆ ಕಾಣ್ತಾವು?"

"ರಕ್ತ ಹೆಚ್ಚು ಬರೂದು ಹಿಂದಿನ ಹಲ್ಲಿನಿಂದನ."

"ಹಂಗಾರ ಹಿಂದಿನ್ವು ಅಷ್ಟ ಮಾಡು."

ಬಾಯಿ ತೆರೆದು ಮಲಗಿದ್ದ ಪೂರ್ಣಿಮಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಮೊದಲು ನಾಚಿಕೆ ಬಂತು. ಅದರ ಹಿಂದೆಯೇ, ಹೊಟ್ಟೆಯ ಬುಡದಿಂದ, ತಡೆಯಲಾಗದ ನಗು ಏಳತೊಡಗಿತು.

"ನಡಿ ಪೂರ್ಣಿ, ಬ್ಯಾಡ," ಎಂದು ಗೋದುಬಾಯಿ ಸೆರಗು ಕೊಡವಿ ಎದ್ದವಳೇ ಹೊರಗೆ ನಡೆದಳು. ಎಂದಿನ ನಿಧಾನದ ನಡಿಗೆ. ಆದರೆ ಸಂತೆಯಲ್ಲಿ ಬಿಟ್ಟು ಹೋಗುವುದು ಮೆಣಸಿನಕಾಯಿಯನ್ನು. ಇಲ್ಲಿ ಬಿಟ್ಟು ಹೋದದ್ದು ಸೊಸೆಯನ್ನು, ಅದೂ ಬಾಯಲ್ಲಿ ಕನ್ನಡಿ ಇದ್ದಂತೆಯೇ.

ತನ್ವೀರ ಕನ್ನಡಿ ಹೊರತೆಗೆದು ಬಾಗಿಲ ಕಡೆ ನೋಡಿದ. ಮೆಟ್ಟಿಲ ಮೇಲೆ ಗೋದುಬಾಯಿಯ ಬೆನ್ನು ಕಾಣುತ್ತಿತ್ತು.

"ಅಲ್ಲೇ ಯಾಕ ನಿಂತಾರ್ರಿ?"

"ನೀವು ಕರೀಲಿ ಅಂತ."

"ಕರದ್ರ?"

"ನೀವು ಸೋತಂಗ."

ಇಬ್ಬರೂ ನಕ್ಕರು. ಪೂರ್ಣಿಮಾಗೆ ನಗು ನಿಲ್ಲದೆ ಕುರ್ಚಿಯೇ ಕಿರುಗುಟ್ಟಿತು. ನಕ್ಕು ಹಗುರಾದ ಬಾಯಿಂದ, ತಿಂಗಳುಗಟ್ಟಲೆ ಗಂಟಲಲ್ಲಿ ಕೂತಿದ್ದ ಪ್ರಶ್ನೆ ತಾನಾಗಿಯೇ ಬಂತು. "ಸರ್, ಕಡಿಮೆಯಾಗ ಆಗೂದಿಲ್ಲೇನ್ರಿ?"

"ನನ್ನಲ್ಲಿ ಆಗೂದಿಲ್ಲ. ಆದ್ರ ದಾರಿ ಅದಾವು," ಎಂದ ತನ್ವೀರ. "ಸರ್ಕಾರಿ ದವಾಖಾನಿಯಾಗ ಹಲ್ಲಿನ ಡಾಕ್ಟರ್ ಯಾವ ದಿನ ಇರ್ತಾರ ಕೇಳ್ರಿ. ಇಲ್ಲಾಂದ್ರ ಧಾರವಾಡದಾಗ ಹಲ್ಲಿನ ಕಾಲೇಜಿಗೆ ಹೋಗ್ರಿ. ಕಲಿಯೂ ಹುಡುಗರು ಮಾಡ್ತಾರ, ಅವರ ಸರ್ ನಿಂತು ನೋಡ್ತಾರ. ಇದರ ಕಾಲುಭಾಗನೂ ಆಗೂದಿಲ್ಲ. ಹೊತ್ತು ಹಿಡೀತೇತಿ, ಅಷ್ಟ. ಯಾರಾದ್ರೂ ಹಲ್ಲು ಬೆಳ್ಳಗ ಮಾಡಿಸ್ರಿ ಅಂದ್ರ ಅದು ಬ್ಯಾರೆ ಖರ್ಚು, ನಿಮಗ ಬೇಕಾಗಿಲ್ಲ."

"ಗಿರಾಕಿ ಕಳಕೊಂಡ್ರಲ್ರಿ."

"ನಾನೂ ಕಾಲೇಜಿನ್ಯಾಗ ಕಲ್ತಾಂವ. ಯಾರೋ ಪುಣ್ಯಾತ್ಮರು ಧೈರ್ಯ ಮಾಡಿ ನನ್ನ ಮುಂದ ಬಾಯಿ ತಗದಿದ್ರು."

"ಮತ್ತ ಕೂಸಿಗೆ ಮುತ್ತು..."

"ನೀವು ಉಂಡ ಚಮಚದಾಗ ಉಣ್ಣಿಸಬ್ಯಾಡ್ರಿ. ಸ್ವಚ್ಛ ಮಾಡಿಸ್ಕೊಂಡು ಬಂದು ಎಷ್ಟು ಬೇಕಷ್ಟು ಮುದ್ದು ಮಾಡ್ರಿ."

ಪೂರ್ಣಿಮಾ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಗೋದುಬಾಯಿ ಹಿಂದೆ ತಿರುಗದೆಯೇ ಕೇಳಿದಳು, "ಎಷ್ಟಕ್ಕ ಇಳದಾ?"

ಪೂರ್ಣಿಮಾ ವಿಷಯ ಹೇಳಿದಳು.

"ನೋಡು, ನಾ ಎದ್ದು ಬಂದದ್ದಕ್ಕ ಕಾಲುಭಾಗಕ್ಕ ಬಂತು. ಈಗ ಫೋನ್ ಹಚ್ಚು."

"ನೀವ ಮಾತಾಡ್ರಿ ಅತ್ತೀ."

"ಬಾಯಿ ನಿಂದು. ನೀನ ಮಾತಾಡು."

ಪೂರ್ಣಿಮಾ ಮೊಬೈಲಿನಲ್ಲಿ ಧಾರವಾಡದ ಕಾಲೇಜಿನ ನಂಬರು ಹುಡುಕಿ ಒತ್ತಿದಳು. ರಿಂಗಾಯಿತು. ಕಟ್ ಮಾಡಲಿಲ್ಲ. ಯಾವುದೋ ಹುಡುಗಿಯ ದನಿ ಬಂದಾಗ, "ಹಲ್ಲು ಸ್ವಚ್ಛ ಮಾಡಿಸೂದಿತ್ರಿ, ಎಷ್ಟಾಗ್ತೇತಿ?" ಎಂದು ಒಂದೇ ಉಸಿರಿನಲ್ಲಿ ಕೇಳಿಬಿಟ್ಟಳು. ಬಸ್ಸಿನ ಹೊತ್ತು ಹೇಳುವಷ್ಟು ಸಲೀಸಾಗಿ ಹುಡುಗಿ ದರ ಹೇಳಿದಳು. ಇಷ್ಟೇನಾ ಎನಿಸಿತು ಪೂರ್ಣಿಮಾಗೆ. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಚೀಟಿಗೆ ಬೇರೆ ರೊಕ್ಕವೇ? ಎಕ್ಸ್‌ರೇ ಬೇಕೇ ಬೇಕೇ? ಗದ್ದಲ ಕಡಿಮೆ ಯಾವಾಗ? ಪಕ್ಕದಲ್ಲಿ ಗೋದುಬಾಯಿ, ಸೊಸೆ ಕುಸ್ತಿ ಗೆಲ್ಲುವುದನ್ನು ನೋಡುವಂತೆ ತೊಡೆ ತಟ್ಟುತ್ತ, ಸೊಂಟದ ಡಬ್ಬಿಯಿಂದ ಮಿಶ್ರಿ, ಅದೇ ಸುಟ್ಟ ತಂಬಾಕಿನ ಪುಡಿ, ತೆಗೆದು ಒಸಡಿಗೆ ತಿಕ್ಕಿಕೊಳ್ಳಲು ಬೆರಳೆತ್ತಿದಳು.

"ಒಬ್ರ ಬರ್ತೀರೇನ್ರಿ?" ಹುಡುಗಿ ಕೇಳಿದಳು.

ಪೂರ್ಣಿಮಾ ಆ ಕಪ್ಪು ಬೆರಳನ್ನು ನೋಡಿದಳು.

"ಇಬ್ರು ಬರ್ತೇವ್ರಿ. ನಮ್ಮ ಅತ್ತಿಯವರೂ ತೋರಿಸ್ತಾರ. ಬರಕೋರಿ, ಗೋದುಬಾಯಿ ಅಂತ."

ಗೋದುಬಾಯಿಯ ಬೆರಳು ತುಟಿಯ ಹತ್ತಿರವೇ ನಿಂತಿತು. "ಏ, ನಾ ಯಾವಾಗ ಹೂಂ ಅಂದ್ನಿ?"

ಸೊಸೆ ಅವಳ ಕೈ ಹಿಡಿದು ಕೆಳಗಿಳಿಸಿ, ಫೋನಿನಲ್ಲಿ ಹೇಳುತ್ತಿದ್ದಳು, "ಹೌದ್ರಿ, ಸೋಮವಾರ. ಮುಂಜಾನಿ ಮದ್ಲನೇ ಬಸ್ಸಿಗೆ ಬರ್ತೇವಿ."