ಮಧ್ಯಾಹ್ನ ಒಂದೂವರೆಯ ದನಿ

ಎಂಟು ವರ್ಷಗಳಿಂದ ಮಧ್ಯಾಹ್ನ ಒಂದೂವರೆಗೆ ನಾನು ಯಾರದೋ ಮನೆಯ ನಾದಿನಿ. ಹೊಟ್ಟೆಕಿಚ್ಚು ಪಡುತ್ತೇನೆ, ಬಾಗಿಲ ಸಂದಿಯಲ್ಲಿ ನಿಂತು ಕದ್ದು ಕೇಳುತ್ತೇನೆ, ಸಿಕ್ಕಿಬಿದ್ದ ಮೇಲೆ ಅಳುತ್ತೇನೆ. ಮುಖ ನನ್ನದು. ದನಿ ಮಾತ್ರ ಮೈಸೂರಿನ ಒಬ್ಬ ಹೆಂಗಸಿನದು.

ಮೊದಲ ವಾರದಲ್ಲೇ ಧಾರಾವಾಹಿಯ ನಿರ್ದೇಶಕರು ಕರೆದು ಹೇಳಿದ್ದರು, “ನಟನೆ ಚೆನ್ನಾಗಿದೆಯಮ್ಮ. ಬಾಯಿ ಬಿಟ್ರೆ ಕುಂದಾಪುರದ ಬಸ್ ಸ್ಟ್ಯಾಂಡ್ ಕೇಳಿಸುತ್ತೆ.” ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಹೊಸಬಳು, ನಗದೆ ಏನು ಮಾಡುವುದು? ಚಿತ್ರೀಕರಣದ ಜಾಗದಲ್ಲಿ ನಮ್ಮ ದನಿಯನ್ನು ಹಿಡಿಯುವುದೇ ಇಲ್ಲವಾದ್ದರಿಂದ ಸಹಾಯಕರೊಬ್ಬರು ಕ್ಯಾಮೆರಾದ ಪಕ್ಕ ನಿಂತು ಸಂಭಾಷಣೆಯನ್ನು ಗಟ್ಟಿಯಾಗಿ ಓದುತ್ತಾರೆ. ನಾವು ಅವರ ಹಿಂದೆಯೇ ಹೇಳುತ್ತಾ ಹೋಗುತ್ತೇವೆ. ನನ್ನ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಆ ಮೈಸೂರಿನವಳು ಸೇರಿಸುತ್ತಾಳೆ. ಬಾಯಿಪಾಠದ ಗೊಡವೆಯಿಲ್ಲ. ಸಂಜೆ ಮುಖ ತೊಳೆದರೆ ಬಣ್ಣದ ಜೊತೆ ಮಾತೂ ಹೋಗುತ್ತದೆ. ಇದೊಂದು ಸುಖ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ನಮ್ಮೂರು ಬಿಜೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇರುವ ಅಬ್ಬಿಗೆ ಈ ಏರ್ಪಾಡು ಸೇರಲಿಲ್ಲ. ಅಬ್ಬಿ ಎಂದರೆ ನಮ್ಮ ಕಡೆ ಅಮ್ಮ. ಗೇರುಬೀಜದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೂತು ಸಿಪ್ಪೆ ಬಿಡಿಸಿದವಳು. ಹುಳುಕು ಬೀಜವನ್ನು ಬೆರಳಲ್ಲೇ ಗುರುತಿಸುತ್ತಿದ್ದಳು. ಮೊದಲ ಕಂತು ಮುಗಿದ ತಕ್ಷಣ ಫೋನ್ ಬಂತು. ಅವಳಿಗೆ ನಾನು ಈಗಲೂ ‘ಹೆಣೆ’, ಹುಡುಗಿ.

“ಅದ್ ಯಾರ್ ಹೆಣೆ, ನಿನ್ ಬಾಯಂಗೆ ಮಾತಾಡುದ್?”

“ಇಲ್ಲೆಲ್ಲ ಹಾಂಗೇ ಅಬ್ಬಿ.”

“ನಂಗ್ ಬ್ಯಾಡ ಅವ್ಳ್ ದನಿ. ನಿನ್ ಮುಖ ಕಂಡ್ರೆ ಸಾಕ್.”

ಅಂದಿನಿಂದ ಅಬ್ಬಿ ಟಿವಿಯ ದನಿಯನ್ನು ಪೂರ್ತಿ ನಿಲ್ಲಿಸಿ ನನ್ನನ್ನು ನೋಡತೊಡಗಿದಳು. ಅತ್ತಿಗೆ ಗೊಣಗಿದರೂ ಕೇಳಲಿಲ್ಲ. ಕಥೆ ಎಲ್ಲಿಗೆ ಬಂತೆಂದು ಅವಳಿಗೆ ತಿಳಿಯುತ್ತಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಸಂಜೆ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ, “ಕುತ್ತಿಗೆ ಸಪೂರ ಆಯ್ತ್ ಅಲ್ದಾ, ಸಮಾ ಉಣ್ತಿಲ್ಯಾ?” ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತು ನಾನು ಕನ್ನಡಿಯಲ್ಲಿ ಕುತ್ತಿಗೆ ನೋಡಿಕೊಳ್ಳುತ್ತಿದ್ದೆ. ಇಡೀ ರಾಜ್ಯವೇ ನೋಡುವ ನನ್ನನ್ನು ಸರಿಯಾಗಿ ನೋಡುತ್ತಿದ್ದುದು ಅವಳೊಬ್ಬಳೇ.

ಆಮೇಲೆ ಸಕ್ಕರೆ ಕಾಯಿಲೆ ಅಬ್ಬಿಯ ಕಣ್ಣಿಗೆ ಇಳಿಯಿತು. ಕುಂದಾಪುರದ ಆಸ್ಪತ್ರೆಗೆ ಅಣ್ಣನೇ ಕರೆದುಕೊಂಡು ಓಡಾಡಿದ. ನನಗೆ ಶೂಟಿಂಗ್ ಇತ್ತು. ಯಾವತ್ತೂ ಇರುತ್ತದೆ. ಎರಡು ವರ್ಷದೊಳಗೆ ಅವಳಿಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ತೋರದಂತಾಯಿತು. ಅಷ್ಟಾದ ಮೇಲೊಮ್ಮೆ ಅತ್ತಿಗೆ ಫೋನಿನಲ್ಲಿ ಹೇಳಿದಳು, “ಈಗ ಅಬ್ಬಿ ದನಿ ಇಟ್ಕಂಡೇ ಕೇಂತ್ರ್.”

ಆ ಮಾತು ಕೇಳಿದ ಮರುದಿನವೇ ನಿರ್ದೇಶಕರ ಮುಂದೆ ಹೋಗಿ ನಿಂತೆ. ಇನ್ನು ಮೇಲೆ ನನ್ನ ಮಾತನ್ನು ನಾನೇ ಆಡುತ್ತೇನೆ, ರಾಗ ತಿದ್ದಿಕೊಳ್ಳುತ್ತೇನೆ, ಒಂದು ತಿಂಗಳು ನೋಡಿ ಎಂದು ಬೇಡಿಕೊಂಡೆ. ಅವರು ಕನ್ನಡಕ ಒರೆಸುತ್ತಾ, “ಇಷ್ಟು ವರ್ಷ ಕೇಳಿದ ದನಿ ಬದಲಾಯಿಸಿದ್ರೆ ಜನ ಒಪ್ಪಲ್ಲಮ್ಮ” ಎಂದರು.

ಸುಳ್ಳೆಂದು ಹೇಳುವಂತಿರಲಿಲ್ಲ. ಬ್ರಹ್ಮಾವರದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಮೈಕು ಹಿಡಿದು ನಾಲ್ಕು ಮಾತಾಡಿದೆ, ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, “ಇದ್ ಅವ್ಳಲ್ಲ, ಅವ್ಳಂಗೆ ಕಾಂತ್ ಅಷ್ಟೆ” ಎಂದದ್ದು ವೇದಿಕೆಯವರೆಗೂ ಕೇಳಿಸಿತು. ಶಾಲು, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರು. ಊಟಕ್ಕೆ ನಿಲ್ಲಲು ಮನಸ್ಸಾಗಲಿಲ್ಲ.

ನನಗೆ ದನಿ ಕೊಡುವವಳನ್ನು ಒಮ್ಮೆ ಸ್ಟುಡಿಯೋದಲ್ಲಿ ಭೇಟಿಯಾಗಿದ್ದೇನೆ. ಜಗಳವಾಡುವ ಹುಮ್ಮಸ್ಸಿನಲ್ಲೇ ಹೋಗಿದ್ದೆ. ಅವಳು ಕತ್ತಲೆಯ ಪುಟ್ಟ ಕೋಣೆಯಲ್ಲಿ ನನ್ನ ಮುಖವನ್ನು ಹಿಂದೆ ಮುಂದೆ ಓಡಿಸಿ, ಒಂದೇ ಸಾಲನ್ನು ಐದಾರು ಸಲ ಹೇಳುತ್ತಿದ್ದಳು. “ಅಳೋಕೆ ಮುಂಚೆ ನೀವು ಒಂದ್ಸಲ ಉಗುಳು ನುಂಗ್ತೀರಿ, ನಾನೂ ನುಂಗ್ತೀನಿ” ಎಂದು ನಕ್ಕಳು. ಅವಳ ಡಬ್ಬಿಯ ಚಿತ್ರಾನ್ನ ತಿಂದು ಬಂದೆ.

ಹೋದ ತಿಂಗಳು ನಾಲ್ಕು ದಿನ ರಜೆ ಸಿಕ್ಕಿತು. ಬಿಜೂರಿನಲ್ಲಿ ಊಟ ಮುಗಿಸಿ ಕೂತಿದ್ದೆವು. ಒಂದೂವರೆಯಾಯಿತು. ಅತ್ತಿಗೆ ಟಿವಿ ಹಾಕಿದಳು. ಅಬ್ಬಿ ನನ್ನ ಕಡೆಗೆ ಸರಿದು ಕೂತಳು.

“ಇವತ್ತ್ ನೀ ಇಲ್ಲೇ ಇದ್ದೆ ಅಲ್ದಾ? ಅವ್ಳ್ ದನಿ ತೆಗಿ. ನಿನ್ ಮಾತ್ ನೀನೇ ಹೇಳ್. ಒಂದ್ಸಲ ಕೇಂತೆ.”

ಇದನ್ನು ಅವಳು ಎಷ್ಟು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ. ನಾನು ಸಂಭ್ರಮದಿಂದಲೇ ರಿಮೋಟ್ ತೆಗೆದುಕೊಂಡು ದನಿ ನಿಲ್ಲಿಸಿದೆ.

“ಈಗ ಅಡಿಗೆಮನಿಗೆ ಬಂತ್. ಕೈಯಂಗೆ ಲೋಟ ಇತ್ತ್” ಎಂದು ಅತ್ತಿಗೆ ಅಬ್ಬಿಗೆ ವಿವರ ಕೊಟ್ಟಳು.

ಪರದೆಯ ಮೇಲೆ ನನ್ನ ತುಟಿಗಳು ಅಲುಗಾಡಿದವು. ಏನು ಹೇಳುತ್ತಿದ್ದೇನೆ? ಮೂರು ವಾರದ ಹಿಂದೆ ಮಾಡಿದ ದೃಶ್ಯ. ಯಾರೋ ಓದಿದ್ದರು, ನಾನು ಹಿಂದೆಯೇ ಹೇಳಿದ್ದೆ. ಒಂದು ಪದವೂ ನೆನಪಿಲ್ಲ. ಲೋಟ ಇದೆಯಲ್ಲ ಎಂದು, “ಅತ್ತಿಗೆ, ಕಾಫಿ ತಗಳಿ” ಎಂದೆ.

ಅತ್ತಿಗೆ ಕಿಸಕ್ಕನೆ ನಕ್ಕಳು. “ಕಾಫಿ ಎಂತ ಮಾರಾಯ್ತಿ, ಅಲ್ಲಿ ನೀ ಅಳ್ತಾ ಇದ್ದೆ.”

ಮತ್ತೆ ತಡವರಿಸಿ, “ನಂದು ತಪ್ಪಾಯ್ತು” ಎಂದೆ. ಅಷ್ಟರಲ್ಲಿ ಪರದೆಯಲ್ಲಿ ನನ್ನ ಬಾಯಿ ಮುಚ್ಚಿತ್ತು. ಮತ್ತೆ ತೆರೆಯಿತು. ನನ್ನದೇ ತುಟಿಗಳನ್ನು ಕಣ್ಣು ಕಿರಿದು ಮಾಡಿ ದಿಟ್ಟಿಸಿದೆ, ಏನೂ ಗೊತ್ತಾಗಲಿಲ್ಲ. ಅಬ್ಬಿ ತಲೆ ಒಂದು ಕಡೆಗೆ ವಾಲಿಸಿ ಕಾಯುತ್ತಿದ್ದಳು. ನನಗೆ ಅಷ್ಟು ನಾಚಿಕೆ ಯಾವ ವೇದಿಕೆಯಲ್ಲೂ ಆಗಿರಲಿಲ್ಲ.

ಅವಳು ತಡಕಾಡಿ ನನ್ನ ಕೈ ಹುಡುಕಿದಳು. ಹೆಬ್ಬೆರಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

“ದನಿ ಬಿಡ್ ಹೆಣೆ” ಎಂದಳು ಕಡೆಗೆ. “ನಿನ್ ಮಾತ್ ಅವ್ಳಿಗೆ ಗೊತ್ತಿತ್ತ್.”

ರಿಮೋಟ್ ಒತ್ತಿದೆ. ಅಳು ಕೇಳಿಸಿತು. ಅಬ್ಬಿ ನನ್ನ ಕೈ ಬಿಡದೆ ಅವಳ ಮಾತು ಕೇಳುತ್ತಾ ಕೂತಳು.