ಅಣ್ಣ ಅರ್ಧಕ್ಕೇ ಬಿಟ್ಟುಬಂದ ಲೇಹ್

ಹೈದರಾಬಾದಿನ ಕೂಕಟ್‌ಪಲ್ಲಿಯ ಮನೆಯಿಂದ ನಾವಿಬ್ಬರೂ ನಸುಕಿನಲ್ಲಿ ಲೇಹ್‌ಗೆ ಹೊರಟಾಗ ಅವ್ವ ಲಿಫ್ಟಿನವರೆಗೂ ಬಂದಳು. ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದ ನನ್ನ ಅಣ್ಣ ಮಹೇಶನಿಗೆ ಎತ್ತರದ ತೆಳು ಗಾಳಿಯಿಂದ ಶ್ವಾಸಕೋಶದಲ್ಲಿ ನೀರು ತುಂಬಿ, ಆಕ್ಸಿಜನ್ ಹಚ್ಚಿ ಕೆಳಗೆ ತಂದಿದ್ದರು.

"ಅವಂದೂ ನಿಂದೂ ಒಂದೇ ರಕ್ತ ಐತಿ. ಹೋಗಲೇಬೇಕೇನ?"

"ಡಾಕ್ಟರಿಗೆ ತೋರಿಸೇ ಹೊಂಟೀವ್ರೀ ಅತ್ತಿ," ಎಂದರು ನನ್ನ ಗಂಡ ಬಸವರಾಜ. ಮಿಯಾಪುರದ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಈ ತೊಂದರೆ ಕೆಲವು ಮನೆತನಗಳಲ್ಲಿ ಹೆಚ್ಚು ಕಾಣುವುದುಂಟು, ಆದರೆ ಯಾರಿಗೆ ಬರುತ್ತದೆಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ ಎಂದಿದ್ದರು.

ದೆಹಲಿಯಲ್ಲಿ ವಿಮಾನ ಬದಲಿಸಿ ಮೂರೂವರೆ ಸಾವಿರ ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದೆವು. ಬಿಸಿಲಿಗೆ ಮೈ ಸುಡುತ್ತಿತ್ತು, ನೆರಳಿಗೆ ಸರಿದರೆ ನಡುಕ. ನಾವು ಉಳಿದ ಮನೆಯ ಒಡತಿ ಡೋಲ್ಮಾ ನಮ್ಮ ಚೀಲಗಳನ್ನು ತಾವೇ ಎತ್ತಿಕೊಂಡು ಸರಸರ ಮಹಡಿ ಹತ್ತಿದರು. "ನಮ್ಮ ಮೈ ತಲೆತಲಾಂತರದಿಂದ ಈ ಗಾಳಿಗೆ ಒಗ್ಗಿದೆ. ನೀವು ಮಲಗಿ," ಎಂದರು ಹಿಂದಿಯಲ್ಲಿ.

ಮರುದಿನ ಬೆಳಿಗ್ಗೆ ತಲೆ ಸಿಡಿಯತೊಡಗಿತು. ವಾಂತಿಯಾಯಿತು. ನನಗೆ ಅಣ್ಣನ ನೀಲಿಗಟ್ಟಿದ ತುಟಿಗಳೇ ಕಣ್ಣಮುಂದೆ ಬಂದವು. ಬಸವರಾಜ ಕೂಡಲೇ ಟ್ಯಾಕ್ಸಿ ಕರೆದರು.

ಆಸ್ಪತ್ರೆಯ ವೈದ್ಯೆ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. "ಎದೆ ಸ್ವಚ್ಛವಾಗಿದೆ, ನೀರು ತುಂಬಿಲ್ಲ. ತಲೆನೋವು ಇಳಿಯುವವರೆಗೆ ಇನ್ನೂ ಮೇಲೆ ಹೋಗಬೇಡಿ, ಅಷ್ಟೇ."

ನಾನು ಅಣ್ಣನ ಕತೆ ಹೇಳಿದೆ. ಅವ್ವನಿಗೆ ಅಸ್ತಮಾ ಇರುವುದನ್ನೂ ಹೇಳಿದೆ.

"ಅಸ್ತಮಾಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮಣ್ಣ ಬಂದ ಮರುದಿನ ಏನು ಮಾಡಿದರು?"

"ಬೈಕಿನಲ್ಲಿ ಎತ್ತರದ ಘಾಟಿ ಹತ್ತಿದ."

ಅವರು ತಲೆಯಾಡಿಸಿದರು. "ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇರಬಹುದು. ಅದು ತಂದೆ, ತಾಯಿ ಎರಡೂ ಕಡೆಯಿಂದ ಬರುತ್ತದೆ, ಒಡಹುಟ್ಟಿದವರಿಗೂ ಒಂದೇ ಪಾಲು ಸಿಗುವುದಿಲ್ಲ. ಆದರೆ ಅವಸರ ಅವರದೇ."

ಎರಡು ದಿನ ಮಲಗಿದೆ. ಮೂರನೆಯ ಬೆಳಿಗ್ಗೆ ತಲೆ ಹಗುರಾಗಿ ಎಂಥಾ ಹಸಿವಾಯಿತೆಂದರೆ, ಡೋಲ್ಮಾ ಮಾಡಿದ ತುಕ್ಪಾ, ಅಂದರೆ ಶ್ಯಾವಿಗೆಯ ಬಿಸಿ ಸಾರು, ಎರಡು ಬಟ್ಟಲು ಕುಡಿದೆ. ಇನ್ನೂ ಎತ್ತರದಲ್ಲಿರುವ ಸರೋವರ ನೋಡುವ ಆಸೆ ಬಿಟ್ಟು, ಲೇಹ್‌ಗಿಂತ ತಗ್ಗಿನಲ್ಲಿರುವ ಸಿಂಧೂ–ಝನ್ಸ್ಕಾರ್ ನದಿಗಳ ಸಂಗಮಕ್ಕೆ ಹೋದೆವು. ಎರಡು ಬಣ್ಣದ ನೀರು ಒಂದರ ಪಕ್ಕ ಒಂದು ಹರಿಯುವುದನ್ನು ನೋಡುತ್ತ ಎದೆ ತುಂಬ ಉಸಿರೆಳೆದುಕೊಂಡೆ.

ಹೈದರಾಬಾದಿಗೆ ಮರಳಿದಾಗ ಅವ್ವ ನದಿ, ಬೆಟ್ಟ ಏನನ್ನೂ ಕೇಳಲಿಲ್ಲ. ವೈದ್ಯೆಯ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡಳು.

"ನನ್ನ ದಮ್ಮಿನ ಜಡ್ಡೇ ಅವಂಗ ಹತ್ತೇತಿ ಅಂತ ತಿಳದಿದ್ನೆವ್ವಾ," ಎಂದಳು. ತನ್ನ ಅಸ್ತಮಾದಿಂದಲೇ ಮಗನಿಗೆ ಹೀಗಾಯಿತೆಂಬ ಕೊರಗನ್ನು ವರ್ಷವಿಡೀ ಒಬ್ಬಳೇ ನುಂಗಿಕೊಂಡಿದ್ದಳು; ನಮಗೆ ಯಾರಿಗೂ ತಿಳಿದಿರಲಿಲ್ಲ.

ಕಣ್ಣೊರೆಸಿಕೊಂಡು ಅಣ್ಣನಿಗೆ ಫೋನ್ ಹಚ್ಚಿದಳು. "ಏ ಮಹೇಶಾ, ಹೋದ ಮರುದಿನಾನೇ ಆ ಗುಡ್ಡ ಹತ್ತು ಅಂತ ನಿನಗ ಯಾರು ಹೇಳಿದ್ರೋ?"

ಕಾಯಿಲೆ ಬಿದ್ದಾಗಿನಿಂದ ಅವನಿಗೆ ಒಂದು ಗಟ್ಟಿ ಮಾತೂ ಆಡದಿದ್ದ ಅವ್ವ, ಅಂದು ಬಾಯಿತುಂಬ ಬೈದಳು.