ಅಜ್ಜ ಹೆಸರು ಗೀಚದ ಗಟ್ಟಿಗಳು

ಗೌರಿ, ಚಿನ್ಮಯ, ಇವತ್ತು ನಮ್ಮ ಗಲ್ಲಿಯ ಮೂಲೆಯ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆ ಅಡುಗೆಮನೆಯವರೆಗೆ ಬಂತು. ನಿಮ್ಮ ಅಜ್ಜ ಸಂಜೆ ಮನೆಗೆ ಬಂದಾಗ ಅವರ ಅಂಗಿಗೆ ಇದೇ ವಾಸನೆ ಇರುತ್ತಿತ್ತು. ಬೇರೆ ಹೆಂಗಸರು ತಮ್ಮ ಗಂಡಂದಿರು ತಂದ ಅತ್ತರಿನ ಮಾತಾಡುತ್ತಿದ್ದರು. ನನಗೆ ಇಷ್ಟವಾಗಿದ್ದದ್ದು ಇದು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಅಜ್ಜ ಇಲ್ಲೇ ಬನಾರಸ್ಸಿನಲ್ಲಿ, ಕನ್ನಡದವರ ಮಠದ ಓಣಿಯಲ್ಲಿ ಬೆಳೆದವರು, ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಳ್ಳುವ ಎಂಜಿನಿಯರ್. ನಾನೋ ಕನ್ನಡ ನಾಡಿನ ಹಳ್ಳಿಯ ಶಾಲೆಯಲ್ಲಿ ಕಲಿತವಳು. ಆದರೂ ಊಟ ಮಾಡುತ್ತಾ ತಮ್ಮ ಕೆಲಸವನ್ನೆಲ್ಲ ನನಗೆ ವಿವರಿಸುತ್ತಿದ್ದರು. ಕಟ್ಟಡಕ್ಕೆ ಸುರಿಯುವ ಕಾಂಕ್ರೀಟಿನಿಂದಲೇ ಸ್ವಲ್ಪ ತೆಗೆದು, ಚೌಕ ಅಚ್ಚಿಗೆ ತುಂಬಿ, ಇದು ಆ ಕಟ್ಟಡದ್ದೇ ಎಂಬುದಕ್ಕೆ ಸಾಕ್ಷಿಯಾಗಿ, ಹಸಿಯಿರುವಾಗಲೇ ಎಂಜಿನಿಯರ್ ಮೊಳೆಯಿಂದ ತಮ್ಮ ಹೆಸರು ಗೀಚಬೇಕು. ಒಣಗಿದ ಮೇಲೆ ಆ ಗಟ್ಟಿಯನ್ನು ಪರೀಕ್ಷೆಗೆ ಕಳಿಸಿ, ಎಷ್ಟು ಭಾರ ತಡೆಯುತ್ತದೆಂದು ಒಡೆದು ನೋಡುತ್ತಾರೆ. ನಾನು ಅದಕ್ಕೆ ಬರ್ಫಿ ಎಂದು ಹೆಸರಿಟ್ಟಿದ್ದೆ.

ಇಲ್ಲಿ ನದಿಯಾಚೆಯ ರಾಮನಗರದಲ್ಲಿ ಒಂದು ಶಾಲೆ ಕಟ್ಟುತ್ತಿದ್ದಾಗ, ಗುತ್ತಿಗೆದಾರ ಒಂದು ಸಂಜೆ ಹಸಿ ಕಾಂಕ್ರೀಟು ತುಂಬಿದ ಅಚ್ಚುಗಳನ್ನು ಟೆಂಪೋದಲ್ಲಿ ಮನೆ ಬಾಗಿಲಿಗೇ ತಂದ. ತನ್ನ ಗೋದಾಮಿನಲ್ಲಿ ಸಿಮೆಂಟು ಧಾರಾಳವಾಗಿ ಹಾಕಿ, ಪರೀಕ್ಷೆಗೆಂದೇ ಬೇರೆ ಮಾಡಿಸಿದ್ದ. ಶಾಲೆಗೆ ಸುರಿಯುತ್ತಿದ್ದದ್ದರಲ್ಲಿ ಬರೀ ಮರಳು.

"ಭಾಭೀಜೀ, ಸಾಹೇಬರಿಗೆ ಒಂದು ಮೊಳೆ ಕೊಡಿ," ಎಂದ ನನಗೆ, ಹಿಂದಿಯಲ್ಲಿ. "ಹೆಸರು ಗೀಚಿದರೆ ಮುಗೀತು. ಬನಾರಸ್ ಬಿಟ್ಟು ಹೋಗೋ ತಾಪತ್ರಯವೂ ಇರೋದಿಲ್ಲ."

ಅಜ್ಜ ಬಗ್ಗಿ ನೋಡಿದರು. "ಬಹಳ ಚೆನ್ನಾಗಿವೆ, ಠೇಕೇದಾರ್‌ಜೀ. ಶಾಲೆಯನ್ನೂ ಇದರಲ್ಲೇ ಕಟ್ಟಬಹುದಿತ್ತಲ್ಲ."

ಅವನು ನಕ್ಕ. ಮಾಡಿಟ್ಟ ಚಹಾವನ್ನು ಕುಡಿದೇ, ಅಚ್ಚುಗಳನ್ನು ಬಾಗಿಲಲ್ಲಿ ಬಿಟ್ಟು ಹೋದ.

"ಗೀಚದಿದ್ರ ಏನಾಗ್ತದರಿ?" ಎಂದು ಕೇಳಿದೆ.

"ಎಲ್ಲೋ ದೂರ ವರ್ಗಾ ಮಾಡ್ತಾರ. ಹುಡುಗನ ಓದು ಬಿಟ್ಟು ನೀ ಬರಾಂಗಿಲ್ಲ. ಗೀಚಲೇನು?"

"ಆ ಸಾಲಿಯೊಳಗ ಮಕ್ಕಳು ಕೂಡ್ತಾವ," ಅಂದೆ. "ಬ್ಯಾಡ್ರಿ."

ಮಳೆಗಾಲಕ್ಕೆ ಮುಂಚೆಯೇ ಅವರನ್ನು ಸೋನಭದ್ರದ ಬೆಟ್ಟಗಳ ಕಡೆಗೆ ಕಳಿಸಿದರು. ನಿಮ್ಮ ಅಪ್ಪನ ಓದಿಗಾಗಿ ನಾನು ಇಲ್ಲೇ ಉಳಿದೆ. ಅಜ್ಜನ ಜಾಗಕ್ಕೆ ಬಂದವರು ಗುತ್ತಿಗೆದಾರ ತಂದ ಹೊಸ ಗಟ್ಟಿಗಳ ಮೇಲೆ ಹೆಸರು ಗೀಚಿದರು. ಶಾಲೆ ಸೋರತೊಡಗಿತು, ರಿಪೇರಿಯ ಗುತ್ತಿಗೆಯೂ ಅದೇ ಮನುಷ್ಯನಿಗೆ ಸಿಕ್ಕಿತು. ಅಜ್ಜ ಹಬ್ಬಕ್ಕೊಮ್ಮೆ ಬಂದು ಹೋಗುವ ನೆಂಟರಂತಾದರು. ನಿವೃತ್ತರಾಗಿ ಬಂದ ಮೇಲೂ ಹೆಚ್ಚು ಕಾಲ ಬದುಕಲಿಲ್ಲ.

ಬೇಡವೆಂದದ್ದಕ್ಕೆ ನನಗೆ ಎಂದೂ ಪಶ್ಚಾತ್ತಾಪವಾಗಿಲ್ಲ. ಆದರೆ ಆ ಸಂಜೆಗಳೆಲ್ಲ ನನಗೆ ಬೇಕಾಗಿದ್ದವು. ಇಷ್ಟನ್ನು ಅವರಿಗೂ ಹೇಳಿರಲಿಲ್ಲ. ಇವತ್ತು ಒಗ್ಗರಣೆ ಬಿಟ್ಟು ಬಂದು ಬರೆದೆ, ಮನಸ್ಸು ಸ್ವಲ್ಪ ಹಗುರಾಯಿತು.

ನಿಮಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಇನ್ನೂ ಬರುವುದಿಲ್ಲ. ನೀವು ಕಲಿಯುವವರೆಗೆ ಈ ಹಾಳೆಗಳನ್ನು ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ನಾನೇ ಜೋಪಾನವಾಗಿಡುತ್ತೇನೆ.